ಆರು ಅಂಗಡಿಗೆ ಆರು ಠಸ್ಸೆ: ವಾಲೆಟ್ ಕಾರ್ಡುಗಳ ದುರಸ್ತಿ ದಿನಚರಿ

ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಗೋಕರ್ಣದಿಂದ ಕರೆ ಬಂತು. ಶಿರಸಿಯಲ್ಲಿ ಮೂರು ದಿನದಿಂದ ಬಿಡದೆ ಹೊಯ್ಯುತ್ತಿದ್ದ ಮಳೆ. ಹಂಚಿನ ಮೇಲಿನ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ಕಾಫಿ ಅಂಗಡಿಯವರು ಹೇಳಿದ್ದರ ಸಾರ ಇಷ್ಟು: ಗಲ್ಲಾದ ಯಂತ್ರದಲ್ಲಿ ಗಿರಾಕಿಯ ಲೆಕ್ಕ ಆರು ಕಾಫಿ, ಅದೇ ಗಿರಾಕಿಯ ಐಫೋನಿನಲ್ಲಿ, ವಾಲೆಟ್ ಎಂಬ ಆ್ಯಪ್ ಒಳಗಿರುವ ಅಂಗಡಿಯ ಕಾರ್ಡಿನಲ್ಲಿ ನಾಲ್ಕು. ಹೊಸದಾಗಿ ಕಾರ್ಡು ಕೇಳಿದವರಿಗೆ ಕಾರ್ಡೇ ಇಳಿಯುತ್ತಿಲ್ಲ. "ಹಳಬರದ್ದು ಹಳತಾಗಿಯೇ ಉಳಿದಿದೆ, ಹೊಸಬರಿಗೆ ಏನೂ ಇಲ್ಲ" ಎಂದರು. ರೋಗದ ಹೆಸರನ್ನು ಅವರೇ ಹೇಳಿದ್ದರು. ನನಗೆ ಹೊಳೆಯುವಾಗ ಮಧ್ಯಾಹ್ನವಾಗಿತ್ತು.

ನಮ್ಮದು ಇಬ್ಬರ ಕಚೇರಿ. ಘಟ್ಟದ ಮೇಲೂ ಕೆಳಗೂ ಸೇರಿ ಆರು ವ್ಯವಹಾರಗಳಿಗೆ ಮೊಬೈಲ್ ವಾಲೆಟ್ ಕಾರ್ಡು ಮತ್ತು ಟಿಕೆಟು ಮಾಡಿಕೊಡುತ್ತೇವೆ. ಗೋಕರ್ಣದ ಕಾಫಿ ಅಂಗಡಿ, ಶಿರಸಿಯಲ್ಲಿ ತೊಡದೇವು ಎಂಬ ಕಬ್ಬಿನ ಹಾಲಿನ ಸಿಹಿ ತಿಂಡಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಅಂಗಡಿ, ಯಾಣದ ದಾರಿಯ ಹೋಂಸ್ಟೇ, ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿಗೆ ದೋಣಿ ಬಿಡುವವರು, ಕಾರವಾರದ ಬಟ್ಟೆ ಅಂಗಡಿ, ಕುಮಟಾ ಕಡೆ ಯಕ್ಷಗಾನ ಆಡಿಸುವ ಸಂಘಟಕರು. ಆರೂ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ, ಬೇರೆ ಬೇರೆ ಮಾಲೀಕರು. ಹಿಂದೆ ಕೆಲಸ ಮಾಡುವವರು ಮಾತ್ರ ನಾವೇ ಇಬ್ಬರು. ಅನಾಹುತದ ಬೇರು ಇದ್ದದ್ದು ಅಲ್ಲಿಯೇ.

ಕಾರ್ಡಿನ ಒಡಲು ಹೇಗಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ, ಮುಂದಿನದ್ದಕ್ಕೆ ಬೇಕಾಗುತ್ತದೆ. ಆಪಲ್ 2012ರಲ್ಲಿ ಐಓಎಸ್ 6ರ ಜೊತೆ ಪಾಸ್‌ಬುಕ್ ಎಂಬ ಹೆಸರಿನಲ್ಲಿ ತಂದದ್ದು 2015ರಲ್ಲಿ ವಾಲೆಟ್ ಎಂದಾಯಿತು. ಕಾರ್ಡಿನ ಕಡತ ಒಳಗಿನಿಂದ ಬರಿಯ ಜಿಪ್ ಗಂಟು. ಗಂಟು ಬಿಚ್ಚಿದರೆ ಕಾರ್ಡಿನ ವಿವರ ಬರೆದ ಒಂದು ಜೇಸನ್ ಕಡತ, ಲೋಗೋ ಮತ್ತು ಐಕಾನ್ ಚಿತ್ರಗಳು, ಮ್ಯಾನಿಫೆಸ್ಟ್ ಎಂಬ ಪಟ್ಟಿ, ಸಿಗ್ನೇಚರ್ ಎಂಬ ಸಹಿ ಇಷ್ಟು ಸಿಗುತ್ತವೆ. ಮ್ಯಾನಿಫೆಸ್ಟ್‌ನಲ್ಲಿ ಗಂಟಿನ ಪ್ರತಿ ಕಡತದ ಹೆಸರು, ಅದರ ಎದುರಿಗೆ ಎಸ್‌ಎಚ್‌ಎ-1 ಲೆಕ್ಕದ 40 ಅಕ್ಷರದ ಗುರುತು. ಸಹಿ ಬೀಳುವುದು ಈ ಪಟ್ಟಿಯ ಮೇಲೆ. ಪೆಟ್ಟಿಗೆ ತುಂಬಿ, ಒಳಗಿರುವ ಸಾಮಾನಿನ ಪಟ್ಟಿ ಮಾಡಿ, ಪಟ್ಟಿಯ ಮೇಲೆ ಠಸ್ಸೆ ಒತ್ತಿದ ಹಾಗೆ. ಒಂದು ಲವಂಗ ಹೆಚ್ಚು ಕಡಿಮೆಯಾದರೂ ಫೋನು ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತದೆ, ಕಾರಣವನ್ನೂ ಹೇಳುವುದಿಲ್ಲ.

ಆ ಠಸ್ಸೆ ಎಂದರೆ ಪಾಸ್ ಟೈಪ್ ಐಡಿ ಪ್ರಮಾಣಪತ್ರ ಮತ್ತು ಅದರ ಜೋಡಿ ಖಾಸಗಿ ಕೀಲಿ. ಪಾಸ್ ಟೈಪ್ ಐಡಿ ಎಂದರೆ ಒಂದು ಬಗೆಯ ಕಾರ್ಡಿಗೆ ಆಪಲ್ ಹತ್ತಿರ ನೋಂದಾಯಿಸಿದ ಗುರುತು; ಖಾಸಗಿ ಕೀಲಿ ಎಂದರೆ ಸಹಿ ಹಾಕಲು ನಾವು ಗುಟ್ಟಾಗಿ ಇಟ್ಟುಕೊಳ್ಳುವ ಕಡತ. ಪ್ರಮಾಣಪತ್ರವನ್ನು ಆಪಲ್ ಕೊಡುತ್ತದೆ, ಅದೂ ಸುಮಾರು ಒಂದು ವರ್ಷಕ್ಕೆ. ಅವಧಿ ಮುಗಿದರೆ ಏನಾಗುತ್ತದೆ? ಗಿರಾಕಿಗಳ ಫೋನಿನಲ್ಲಿ ಈಗಾಗಲೇ ಇರುವ ಕಾರ್ಡುಗಳು ಹಾಗೆಯೇ ಇರುತ್ತವೆ, ತೋರಿಸಬಹುದು, ಸ್ಕ್ಯಾನ್ ಮಾಡಬಹುದು. ಆದರೆ ಹೊಸ ಕಾರ್ಡಿಗೆ ಸಹಿ ಬೀಳುವುದಿಲ್ಲ, ಹಳೆಯದಕ್ಕೆ ಬದಲಾವಣೆ ಕಳಿಸಲಾಗುವುದಿಲ್ಲ. ಹಳಬರದ್ದು ಹಳತು, ಹೊಸಬರಿಗೆ ಏನೂ ಇಲ್ಲ. ಅಂಗಡಿಯವರು ಬೆಳಿಗ್ಗೆ ಹೇಳಿದ್ದೂ ಇದನ್ನೇ.

ಸೋಮವಾರ, ಮಧ್ಯಾಹ್ನ

ಅಲ್ಲಿಯವರೆಗೆ ನಾನು ನೋಡಬಾರದ ಕಡೆಯೆಲ್ಲ ನೋಡಿದೆ. ಡೇಟಾಬೇಸ್ ಸರಿ ಇತ್ತು. ಸರ್ವರ್ ಎದ್ದೇ ಇತ್ತು. ಲಾಗ್ ಕಡತದಲ್ಲಿ ಪ್ರತಿ ಕಾಫಿಗೂ "ಸೂಚನೆ ಕಳಿಸಿದೆ" ಎಂಬ ಸಾಲು ಚೊಕ್ಕವಾಗಿ ಕುಳಿತಿತ್ತು. ಕೊನೆಗೆ ಪ್ರಮಾಣಪತ್ರವನ್ನು, ಅಂಥ ಕಡತ ಬಿಚ್ಚಿ ಓದುವ ಉಪಕರಣವಾದ ಓಪನ್‌ಎಸ್‌ಎಸ್‌ಎಲ್‌ಗೆ ಕೊಟ್ಟು ಮುಕ್ತಾಯದ ದಿನ ಕೇಳಿದೆ. ಹಿಂದಿನ ಶುಕ್ರವಾರ.

ಲಾಗ್ ಸುಳ್ಳು ಹೇಳಿದ್ದು ಹೇಗೆ ಎಂಬುದು ನನಗೆ ನಾಚಿಕೆಯ ವಿಷಯ, ಆದರೂ ಬರೆಯುತ್ತೇನೆ. ಕಾರ್ಡು ಬದಲಾಗಬೇಕಾದರೆ ನಮ್ಮ ಸರ್ವರ್ ಆಪಲ್‌ನ ಎಪಿಎನ್‌ಎಸ್ ಎಂಬ ಸೂಚನಾ ಸೇವೆಗೆ ಖಾಲಿ ಸಂದೇಶ ಕಳಿಸುತ್ತದೆ. ಸಂದೇಶದಲ್ಲಿ ಸುದ್ದಿಯಿಲ್ಲ, ಬಾಗಿಲು ತಟ್ಟುವುದಷ್ಟೇ. ತಟ್ಟಿದ್ದು ಕೇಳಿದ ಫೋನು ನಮ್ಮ ಸರ್ವರಿಗೆ ಬಂದು ಯಾವ ಕಾರ್ಡು ಬದಲಾಗಿದೆ ಎಂದು ಕೇಳಿ, ಹೊಸ ಕಾರ್ಡನ್ನು ಪೂರ್ತಿಯಾಗಿ ಎಳೆದುಕೊಳ್ಳುತ್ತದೆ. ಈ ಬಾಗಿಲು ತಟ್ಟಲೂ ಅದೇ ಪ್ರಮಾಣಪತ್ರ ಬೇಕು. ಅವಧಿ ಮುಗಿದದ್ದರಿಂದ ಸಂಪರ್ಕವೇ ಮುರಿಯುತ್ತಿತ್ತು. ಮುರಿದಾಗ ಬರುವ ದೋಷವನ್ನು ನಾನೇ ಎರಡು ವರ್ಷದ ಹಿಂದೆ, ಆಗೀಗ ನೆಟ್‌ವರ್ಕ್ ಹೋಗುತ್ತದೆ ಎಂಬ ಕಾರಣಕ್ಕೆ, ನುಂಗಿ ಮುಂದೆ ಹೋಗುವಂತೆ ಬರೆದಿಟ್ಟಿದ್ದೆ. "ಕಳಿಸಿದೆ" ಎಂಬ ಸಾಲು ಬೀಳುತ್ತಿದ್ದದ್ದು ಕಳಿಸುವ ಮೊದಲು.

ಇನ್ನು ಆಪಲ್ ಕಳಿಸಿರಬೇಕಾದ ಎಚ್ಚರಿಕೆಯ ಮೇಲ್? ಖಾತೆಯಲ್ಲಿದ್ದ ಮಿಂಚಂಚೆ ವಿಳಾಸ ನಮ್ಮಲ್ಲಿ ಮೊದಲು ಕೆಲಸ ಮಾಡಿ ಬೆಂಗಳೂರಿಗೆ ಹೋದವರದ್ದು. ಆ ಪೆಟ್ಟಿಗೆಯನ್ನು ತೆರೆಯುವವರು ಯಾರೂ ಇರಲಿಲ್ಲ.

ಹೊಸ ಪ್ರಮಾಣಪತ್ರ ಮಾಡಿಸೋಣ ಎಂದು ಹೊರಟಾಗ ಎದೆ ಧಸಕ್ಕೆಂದಿತು. ಹಳೆಯ ಖಾಸಗಿ ಕೀಲಿ ಎಲ್ಲಿದೆ? ಸರ್ವರಿನಲ್ಲಿ ಕೀಲಿಯನ್ನಿಟ್ಟು ಗುಪ್ತಪದ ಹಾಕಿದ ಒಂದು ಗಂಟು ಇತ್ತು, ಗುಪ್ತಪದ ಯಾರಿಗೂ ನೆನಪಿರಲಿಲ್ಲ. ಮೂಲ ಕೀಲಿ ಹುಟ್ಟಿದ್ದು ಬೆಂಗಳೂರಿಗೆ ಹೋದವರ ಹಳೆಯ ಮ್ಯಾಕ್‌ನಲ್ಲಿ, ಕೀಲಿಗಳನ್ನು ಕಾಪಿಡುವ ಕೀಚೈನ್‌ನಲ್ಲಿ. ಆ ಯಂತ್ರ ಎಂದೋ ಮಾರಾಟವಾಗಿದೆ. ಅರ್ಧ ಗಂಟೆ ಕೈ ಕಟ್ಟಿ ಕುಳಿತೆ. ಆಮೇಲೆ ತಿಳಿದದ್ದು, ಹಳೆಯ ಕೀಲಿ ಬೇಕಾಗಿಯೇ ಇಲ್ಲ ಎಂದು. ಕಾರ್ಡಿನ ಗುರುತು ಇರುವುದು ಪಾಸ್ ಟೈಪ್ ಐಡಿ ಮತ್ತು ಕಾರ್ಡಿನ ಕ್ರಮಸಂಖ್ಯೆಯಲ್ಲಿ, ಕೀಲಿಯಲ್ಲಿ ಅಲ್ಲ. ಅದೇ ಐಡಿಗೆ ಹೊಸ ಕೀಲಿ, ಹೊಸ ಅರ್ಜಿ, ಹೊಸ ಪ್ರಮಾಣಪತ್ರ ಮಾಡಿಸಿದರೆ ಹಳೆಯ ಕಾರ್ಡುಗಳೆಲ್ಲ ಅದನ್ನೂ ಒಪ್ಪುತ್ತವೆ. ಮನೆ ಅದೇ, ಬೀಗ ಮಾತ್ರ ಹೊಸದು.

ಸೋಮವಾರ, ಸಂಜೆ: ಇಬ್ಬರು ಗಣಪತಿ ಹೆಗಡೆಯರು

2048 ಬಿಟ್‌ನ ಆರ್‌ಎಸ್‌ಎ ಕೀಲಿ ಮಾಡಿದೆ, ಸಹಿ ಕೋರುವ ಅರ್ಜಿ ಸಿದ್ಧಪಡಿಸಿದೆ, ಆಪಲ್‌ನ ಡೆವಲಪರ್ ತಾಣದಲ್ಲಿ ಆ ಐಡಿಯ ಕೆಳಗೆ ಹಾಕಿದೆ, ಪ್ರಮಾಣಪತ್ರ ಇಳಿಸಿಕೊಂಡೆ. ಹತ್ತು ನಿಮಿಷದ ಕೆಲಸ. ಸಹಿ ಮಾಡುವ ಸ್ಕ್ರಿಪ್ಟನ್ನು ಸ್ವಚ್ಛವಾಗಿ ಮತ್ತೆ ಹಾಕೋಣ ಎಂದು ಹಳೆಯ ಬ್ಯಾಕಪ್‌ನಿಂದ ತೆಗೆದೆ. ಆ ಬುದ್ಧಿ ಯಾಕೆ ಬಂತೋ. ಕಾರ್ಡು ತಯಾರಾಯಿತು. ಫೋನು ಬೇಡ ಎಂದಿತು.

ಇಂಥ ಹೊತ್ತಿನಲ್ಲಿ ಫೋನನ್ನು ಮ್ಯಾಕ್‌ಗೆ ಕೇಬಲ್‌ನಿಂದ ಜೋಡಿಸಿ ಕನ್ಸೋಲ್ ತೆರೆಯಬೇಕು. ಪರದೆಯ ಮೇಲೆ ಮೌನವಾಗಿರುವ ಫೋನು ಅಲ್ಲಿ ಗೊಣಗುತ್ತಿರುತ್ತದೆ. ಸಹಿಯ ಸರಪಳಿ ಕೂಡುತ್ತಿಲ್ಲ ಎಂಬ ಅರ್ಥದ ಸಾಲು ಸಿಕ್ಕಿತು. ನಮ್ಮ ಪ್ರಮಾಣಪತ್ರಕ್ಕೂ ಆಪಲ್‌ನ ಮೂಲ ಪ್ರಮಾಣಪತ್ರಕ್ಕೂ ನಡುವೆ ಒಂದು ಕೊಂಡಿ ಇರುತ್ತದೆ, ಡಬ್ಲ್ಯುಡಬ್ಲ್ಯುಡಿಆರ್ ಎಂಬ ಮಧ್ಯಂತರ ಪ್ರಮಾಣಪತ್ರ. ಸಹಿಯ ಜೊತೆಗೆ ಅದನ್ನೂ ಸೇರಿಸಿ ಕಳಿಸಬೇಕು. ನಾನು ಬ್ಯಾಕಪ್‌ನಿಂದ ತೆಗೆದ ಕೊಂಡಿ 2023ರ ಫೆಬ್ರುವರಿ 7ರಂದು ಅವಧಿ ಮುಗಿದದ್ದು. ಈಗಿನ ಪಾಸ್ ಪ್ರಮಾಣಪತ್ರಗಳಿಗೆ ಸಹಿ ಹಾಕುವುದು ಜಿ4 ಎಂಬ ಹೊಸ ಕೊಂಡಿ.

ಮೋಸ ಹೋದದ್ದು ಎಲ್ಲಿ ಎಂದರೆ, ಎರಡನ್ನೂ ತೆರೆದು ಹೆಸರು ನೋಡಿದರೆ ಎರಡಕ್ಕೂ ಒಂದೇ ಹೆಸರು! ಆಪಲ್ ವರ್ಲ್ಡ್‌ವೈಡ್ ಡೆವಲಪರ್ ರಿಲೇಷನ್ಸ್ ಸರ್ಟಿಫಿಕೇಷನ್ ಅಥಾರಿಟಿ. ವ್ಯತ್ಯಾಸ ಇರುವುದು ಅದರ ಪಕ್ಕದ ಓಯು ಎಂಬ ವಿಭಾಗದ ಅಂಕಣದಲ್ಲಿ. ಹೊಸದರಲ್ಲಿ ಅಲ್ಲಿ ಜಿ4 ಎಂದಿದೆ. ಒಂದೇ ಊರಿನಲ್ಲಿ ಇಬ್ಬರು ಗಣಪತಿ ಹೆಗಡೆಯರಿದ್ದರೆ ನಾವು ಮೇಲಿನಮನೆ, ಕೆಳಗಿನಮನೆ ಎಂದು ಕರೆಯುವುದಿಲ್ಲವೇ, ಹಾಗೆ. ಅಂಚೆಯವನು ಮನೆಯ ಹೆಸರು ನೋಡದೆ ಕಾಗದ ಕೊಟ್ಟರೆ ಆಗುವುದೇ ನನಗೂ ಆಯಿತು. ಕೊಂಡಿ ಬದಲಿಸಿದೆ. ಫೋನು ಕಾರ್ಡು ತೆಗೆದುಕೊಂಡಿತು.

ಆದರೂ ಗೋಕರ್ಣದಲ್ಲಿ ಹಳೆಯ ಕಾರ್ಡುಗಳು ನಾಲ್ಕರಲ್ಲಿಯೇ ನಿಂತಿದ್ದವು. ಸರ್ವರಿನಲ್ಲಿ ಕಡತ ಹೊಸದು, ಆದರೆ ಸೂಚನೆ ಕಳಿಸುವ ಪ್ರೋಗ್ರಾಂ ಶುರುವಾಗುವಾಗ ಓದಿಕೊಂಡ ಹಳೆಯ ಪ್ರಮಾಣಪತ್ರವನ್ನೇ ನೆನಪಿನಲ್ಲಿ ಹಿಡಿದು ಕುಳಿತಿತ್ತು. ಅದನ್ನು ಮಲಗಿಸಿ ಎಬ್ಬಿಸಿದೆ. ರಾತ್ರಿ ಎಂಟೂಕಾಲಿಗೆ ಕಾಫಿ ಅಂಗಡಿಯವರು ಚಿತ್ರ ಕಳಿಸಿದರು: ಆರು.

ಆಮೇಲಿನ ಎರಡು ವಾರ

ಆ ರಾತ್ರಿ ಉಳಿದ ಐದು ಅಂಗಡಿಗಳ ಮುಕ್ತಾಯದ ದಿನಗಳನ್ನು ನೋಡಿದೆ. ಹೋಂಸ್ಟೇಯದ್ದು ಹತ್ತೊಂಬತ್ತು ದಿನಕ್ಕೆ ಮುಗಿಯುವುದಿತ್ತು. ಕಾರವಾರದ ಬಟ್ಟೆ ಅಂಗಡಿಯ ಕಡತದಲ್ಲಿ ಪ್ರಮಾಣಪತ್ರ ಒಂದರದ್ದು, ಕೀಲಿ ಇನ್ನೊಂದರದ್ದು. ಯಾರೋ, ಬಹುಶಃ ನಾನೇ, ನಕಲು ಮಾಡುವಾಗ ಅದಲು ಬದಲು ಮಾಡಿದ್ದರು. ಓಡುತ್ತಿದ್ದ ಪ್ರೋಗ್ರಾಂ ಹಳೆಯ ಸರಿ ಜೋಡಿಯನ್ನು ನೆನಪಿನಲ್ಲಿಟ್ಟುಕೊಂಡದ್ದರಿಂದ ನಡೆಯುತ್ತಿತ್ತು. ಯಾವಾಗಲಾದರೂ ಸರ್ವರ್ ಒಮ್ಮೆ ಆರಿ ಹತ್ತಿದ್ದರೆ ಅದೂ ಹೋಗುತ್ತಿತ್ತು.

ಇದನ್ನು ತೇಪೆ ಹಾಕಿ ಬಿಡುವಂತಿರಲಿಲ್ಲ. ಪೂರ್ತಿ ಕಿತ್ತು ಕಟ್ಟಿದೆವು.

ಮೊದಲು ಒಂದು ಖಾತೆಪುಸ್ತಕ. ದೊಡ್ಡ ತಂತ್ರಾಂಶವೇನೂ ಅಲ್ಲ, ಸಾಲಿಗೊಂದು ಅಂಗಡಿ ಇರುವ ಸಾದಾ ಪಠ್ಯ ಕಡತ. ಪಾಸ್ ಟೈಪ್ ಐಡಿ, ಆಪಲ್ ಖಾತೆಯನ್ನು ಗುರುತಿಸುವ ಹತ್ತು ಅಕ್ಷರದ ಟೀಮ್ ಐಡಿ, ಖಾತೆ ಯಾರ ಹೆಸರಿನಲ್ಲಿದೆ, ಖಾತೆಯ ಮಿಂಚಂಚೆ ಯಾವುದು, ದೃಢೀಕರಣದ ಅಂಕಿ ಯಾರ ಫೋನಿಗೆ ಬರುತ್ತದೆ, ಪ್ರಮಾಣಪತ್ರದ ಕ್ರಮಸಂಖ್ಯೆ, ಕೀಲಿಯ ಗುರುತು, ಯಾವ ಯಾವ ಪ್ರೋಗ್ರಾಂ ಅದನ್ನು ಬಳಸುತ್ತದೆ. ಮುಕ್ತಾಯದ ದಿನವನ್ನು ಮಾತ್ರ ಕೈಯಿಂದ ಬರೆಯುವುದಿಲ್ಲ. ಅದನ್ನು ಪ್ರಮಾಣಪತ್ರದಿಂದಲೇ ಓದಬೇಕು. ಕೈಯಲ್ಲಿ ಬರೆದ ದಿನಾಂಕವನ್ನು ನಂಬುತ್ತೇವೆ, ನಂಬಿ ಕೆಡುತ್ತೇವೆ. ಜಿ4 ಕೊಂಡಿಗೂ ಒಂದು ಸಾಲು ಕೊಟ್ಟಿದ್ದೇವೆ. ಅದು 2030ರ ಡಿಸೆಂಬರ್‌ನಲ್ಲಿ ಮುಗಿಯುತ್ತದೆ; ಆಗ ಈ ಕಚೇರಿಯಲ್ಲಿ ಯಾರಿರುತ್ತಾರೋ ಅವರಿಗಾಗಿ.

ಈ ಪುಸ್ತಕ ಬರೆಯಲು ಕುಳಿತಾಗಲೇ ಗೊತ್ತಾದದ್ದು, ಕಷ್ಟ ಇರುವುದು ಗೂಢಲಿಪಿಯಲ್ಲಿ ಅಲ್ಲ, "ಯಾರ ಹೆಸರಿನಲ್ಲಿ" ಎಂಬ ಅಂಕಣದಲ್ಲಿ ಎಂದು. ಕೀಲಿ ಮಾಡುವುದು ಒಂದು ಆದೇಶದ ಕೆಲಸ. ಖಾತೆ ಯಾರದ್ದು ಎಂದು ಕೇಳಿದರೆ ಆರು ಅಂಗಡಿಗೆ ಮೂರು ಬಗೆಯ ಉತ್ತರ ಬಂತು: ನಮ್ಮದು, ಅವರದ್ದು, ಮತ್ತು "ನಿಮ್ಮದೇ ಅಲ್ಲವೇ?".

ಆಪಲ್‌ನ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಸಂಸ್ಥೆಯ ಹೆಸರಿನಲ್ಲಿ ಬೇಕಾದರೆ ವ್ಯವಹಾರಗಳನ್ನು ಗುರುತಿಸುವ ಡಿ-ಯು-ಎನ್-ಎಸ್ ಸಂಖ್ಯೆಯೂ ಬೇಕು. ತೊಡದೇವು ಮಾರುವವರಿಗೆ ಇದನ್ನು ವಿವರಿಸಿದಾಗ, "ಇಷ್ಟು ದುಡ್ಡಿಗೆ ಎಷ್ಟು ಕಬ್ಬಿನ ಹಾಲು ಬರುತ್ತದೆ ಗೊತ್ತೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರದ್ದು, ಯಕ್ಷಗಾನದ್ದು, ಕಾಫಿಯದ್ದು ನಮ್ಮ ಖಾತೆಯ ಅಡಿಯಲ್ಲಿಯೇ ಇರಲಿ, ಆದರೆ ಪ್ರತಿಯೊಂದಕ್ಕೂ ಬೇರೆ ಐಡಿ, ಬೇರೆ ಕೀಲಿ, ಬೇರೆ ಪ್ರಮಾಣಪತ್ರ ಎಂದು ತೀರ್ಮಾನಿಸಿದೆವು. ಬಟ್ಟೆ ಅಂಗಡಿ, ಹೋಂಸ್ಟೇ, ದೋಣಿಯವರು ತಮ್ಮ ತಮ್ಮ ಖಾತೆ ಇಟ್ಟುಕೊಂಡಿದ್ದಾರೆ. ಐಡಿ ಎಂಬುದು ಟೀಮಿಗೆ ಅಂಟಿಕೊಂಡದ್ದು, ಟೀಮ್ ಐಡಿ ಪ್ರಮಾಣಪತ್ರದ ಒಳಗೂ ಕಾರ್ಡಿನ ಒಳಗೂ ಒಂದೇ ಇರಬೇಕು. ನಮ್ಮ ಅಡಿಯಲ್ಲಿರುವವರು ನಾಳೆ ನಮ್ಮನ್ನು ಬಿಟ್ಟು ಹೋದರೆ ಹೊಸ ಐಡಿಯಿಂದ ಹೊಸ ಕಾರ್ಡುಗಳನ್ನೇ ಹಂಚಬೇಕಾಗುತ್ತದೆ ಎಂದು ಕಾಗದದ ಮೇಲೆ ಬರೆದು ಸಹಿ ಮಾಡಿಸಿಕೊಂಡೆವು. ಅಡಿಕೆ ವಕ್ಕಲಿನ ಹೊತ್ತಿನಲ್ಲಿ ಆಗುವ ಮಾತಿನಂತೆ ಬಾಯಿಮಾತಿನಲ್ಲಿಯೇ ಮುಗಿಸುವ ಅಭ್ಯಾಸ ನಮ್ಮ ಕಡೆ ಹೆಚ್ಚು. ಇಲ್ಲಿ ಅದು ಸಾಲದು.

ಒಂದು ಐಡಿಯಲ್ಲಿ ಇಬ್ಬರನ್ನು ಕೂರಿಸಿದರೆ ಏನಾಗುತ್ತದೆ ಎಂಬ ಪಾಠ ನಮಗೆ ಮೊದಲೇ ಆಗಿತ್ತು. ಶುರುವಿನ ದಿನಗಳಲ್ಲಿ ಕಾಫಿ ಕಾರ್ಡನ್ನೂ ತೊಡದೇವಿನ ಕಾರ್ಡನ್ನೂ ಒಂದೇ ಐಡಿಯ ಕೆಳಗೆ ಹುಟ್ಟಿಸಿದ್ದೆ. ಒಂದೇ ಪ್ರಮಾಣಪತ್ರ, ಒಂದೇ ತಲೆನೋವು ಎಂಬ ಜಾಣತನ. ವಾಲೆಟ್ ಅವೆರಡನ್ನೂ ಒಂದೇ ಕಟ್ಟಿಗೆ ಸೇರಿಸಿತು. ಗೋಕರ್ಣದಲ್ಲಿ ಕಾಫಿ ಕುಡಿಯಲು ಫೋನು ತೆಗೆದವರಿಗೆ ಮೇಲೆ ಕಾಣುವುದು ಶಿರಸಿಯ ಉಪ್ಪಿನಕಾಯಿ ಭರಣಿಯ ಚಿತ್ರ. ಇಬ್ಬರು ಮಾಲೀಕರಿಗೂ ಕೋಪ ಬಂದಿತ್ತು. ಒಮ್ಮೆ ಕೊಟ್ಟ ಕಾರ್ಡಿನ ಐಡಿ ಬದಲಿಸಲು ಬರುವುದಿಲ್ಲ, ಗಿರಾಕಿಯ ಫೋನಿನಿಂದ ಅದನ್ನು ನಾವು ಅಳಿಸಲೂ ಆಗುವುದಿಲ್ಲ. ಹಳೆಯದನ್ನು ರದ್ದು ಎಂದು ಗುರುತು ಮಾಡಿ, ಅದರ ಬೆನ್ನಿಗೆ ಹೊಸ ಕಾರ್ಡಿನ ಲಿಂಕ್ ಹಾಕಿ ಕಳಿಸಿ, ಜನ ಒಬ್ಬೊಬ್ಬರಾಗಿ ಬದಲಿಸಿಕೊಳ್ಳುವವರೆಗೆ ಎರಡನ್ನೂ ನಡೆಸಬೇಕಾಯಿತು. ಎರಡು ಹಬ್ಬ ಕಳೆದವು.

ಕೀಲಿಗಳ ವ್ಯವಸ್ಥೆ ಈಗ ಹೀಗಿದೆ. ಕೀಲಿ ಹುಟ್ಟುವುದು ಕಚೇರಿಯ ಒಂದೇ ಲ್ಯಾಪ್‌ಟಾಪ್‌ನಲ್ಲಿ, ಆದೇಶದ ಸಾಲಿನಿಂದ. ಯಾರ ಸ್ವಂತ ಮ್ಯಾಕ್‌ನ ಕೀಚೈನ್‌ನಲ್ಲಿಯೂ ಅಲ್ಲ. ಹುಟ್ಟಿದ ಕೂಡಲೇ ಗುಪ್ತಪದದಿಂದ ಮುಚ್ಚಿ ಎರಡು ಪೆನ್‌ಡ್ರೈವ್‌ಗೆ ನಕಲು. ಒಂದು ಕಚೇರಿಯಲ್ಲಿ, ಇನ್ನೊಂದು ನಮ್ಮ ಮನೆಯ ಕಪಾಟಿನಲ್ಲಿ ತೋಟದ ಪಹಣಿ ಪತ್ರಗಳ ಜೊತೆ. ಪಹಣಿಯಷ್ಟೇ ಜೋಪಾನವಾಗಿ ಇಡಬೇಕಾದ ವಸ್ತು ಎಂದು ಮನೆಯವರಿಗೆ ಅರ್ಥವಾಗುವ ಜಾಗ ಅದೇ. ಹಳೆಯ ಮ್ಯಾಕ್ ಗಂಟುಗಳನ್ನು ಬಿಚ್ಚುವಾಗ ಓಪನ್‌ಎಸ್‌ಎಸ್‌ಎಲ್ 3 ತಕರಾರು ಮಾಡಿತು: ಗಂಟಿಗೆ ಬಳಸಿದ ಆರ್‌ಸಿ2 ಎಂಬ ಹಳೆಯ ಮುಚ್ಚಿಗೆಯನ್ನು ಅದು ತಾನಾಗಿ ಒಪ್ಪುವುದಿಲ್ಲ. ಆದೇಶಕ್ಕೆ ಲೆಗಸಿ ಎಂಬ ಆಯ್ಕೆ ಸೇರಿಸಿದರೆ ಬಿಚ್ಚುತ್ತದೆ. ಗುಪ್ತಪದ ತಪ್ಪಾಯಿತು ಎಂದುಕೊಂಡು ಒಂದು ಸಂಜೆ ಕಳೆದ ಮೇಲೆ ತಿಳಿದ ಮಾತು.

ಕೀಲಿ ಮತ್ತು ಪ್ರಮಾಣಪತ್ರ ಜೋಡಿಯೇ ಅಲ್ಲವೇ ಎಂದು ನೋಡಲು ಎರಡರಿಂದಲೂ ಮಾಡ್ಯುಲಸ್ ಎಂಬ ಉದ್ದ ಸಂಖ್ಯೆಯನ್ನು ತೆಗೆದು ಹೋಲಿಸುತ್ತೇವೆ. ಪೂರ್ತಿ ಓದಿದರೆ ಕಣ್ಣು ಕತ್ತಲೆ. ಅದನ್ನು ಕುಗ್ಗಿಸಿ ಮಾಡಿದ ಎಂಡಿ5 ಗುರುತಿನ ಮೊದಲ ಆರು ಅಕ್ಷರ ಖಾತೆಪುಸ್ತಕದಲ್ಲಿವೆ. ಪ್ರಮಾಣಪತ್ರದ ಒಳಗೆ ಯುಐಡಿ ಎಂಬ ಅಂಕಣದಲ್ಲಿ ಪಾಸ್ ಟೈಪ್ ಐಡಿ ಇರುತ್ತದೆ, ಓಯುದಲ್ಲಿ ಟೀಮ್ ಐಡಿ. ಸಹಿ ಮಾಡುವ ಸ್ಕ್ರಿಪ್ಟು ಈಗ ಕಾರ್ಡಿನ ಜೇಸನ್ ತೆರೆದು ಅಲ್ಲಿರುವ ಎರಡನ್ನೂ ಪ್ರಮಾಣಪತ್ರದ ಎರಡರ ಜೊತೆ ತಾಳೆ ನೋಡುತ್ತದೆ. ಹೊಂದದಿದ್ದರೆ ಠಸ್ಸೆ ಒತ್ತುವುದಿಲ್ಲ. ದೋಣಿಯವರ ಟಿಕೆಟಿಗೆ ಬಟ್ಟೆ ಅಂಗಡಿಯ ಸಹಿ ಬೀಳುವ ಸಂಭವ ಅಲ್ಲಿಗೆ ತಪ್ಪಿತು.

ಜಿಪ್ ಮಾಡುವ ವಿಷಯದಲ್ಲಿ ಇಬ್ಬರೂ ಒಮ್ಮೊಮ್ಮೆ ಎಡವಿದವರೇ. ಕಡತಗಳನ್ನು ಜಿಪ್ ಮಾಡಬೇಕು, ಕಡತಗಳಿರುವ ಫೋಲ್ಡರನ್ನಲ್ಲ. ಮ್ಯಾಕ್ ತಾನಾಗಿ ಇಟ್ಟುಬಿಡುವ ಡಿಎಸ್ ಸ್ಟೋರ್ ಎಂಬ ಅಡಗು ಕಡತ ಒಳಗೆ ಹೋದರೆ, ಪಟ್ಟಿಯಲ್ಲಿ ಇಲ್ಲದ ಸಾಮಾನು ಪೆಟ್ಟಿಗೆಯಲ್ಲಿ ಸಿಕ್ಕಂತೆ.

ಕನ್ನಡದ ಒಂದು ತೊಡಕನ್ನೂ ಇಲ್ಲಿಯೇ ಹೇಳುತ್ತೇನೆ. ಕಾರ್ಡಿನ ಮೇಲೆ ಕನ್ನಡ ಚೆನ್ನಾಗಿ ಬರುತ್ತದೆ, ಜೇಸನ್ ಕಡತ ಯುಟಿಎಫ್-8ನಲ್ಲಿದ್ದರೆ ಸಾಕು. ಆದರೆ ಯಕ್ಷಗಾನದ ಟಿಕೆಟಿನ ಕ್ಯುಆರ್ ಸಂಕೇತದ ಒಳಗೆ ಪ್ರಸಂಗದ ಹೆಸರನ್ನೂ ಹಾಕಿಬಿಡೋಣ ಎಂದು ಹೊರಟೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಅಕ್ಷರಗಳ ಲೆಕ್ಕ ಐಎಸ್‌ಓ-8859-1. ಅದರಲ್ಲಿ ಯುರೋಪಿನ ಅಕ್ಷರಗಳಿಗೆ ಜಾಗ ಇದೆ, ನಮ್ಮ ಒತ್ತಕ್ಷರಕ್ಕೆ ಇಲ್ಲ. ಕ್ಯುಆರ್ ಒಳಗೆ ಈಗ ಬರಿಯ ಟಿಕೆಟ್ ಸಂಖ್ಯೆ. ಪ್ರಸಂಗ, ಸ್ಥಳ, ಹೊತ್ತು ಎಲ್ಲ ಕಾರ್ಡಿನ ಮುಖದ ಮೇಲೆ ಕನ್ನಡದಲ್ಲಿ. ಗೇಟಿನಲ್ಲಿ ನಿಂತವರಿಗೂ ಅದೇ ಅನುಕೂಲ. ದೋಣಿಯವರ ಟಿಕೆಟಿಗೆ ಮಾತ್ರ ಒಂದು ಖುಷಿಯ ಸಂಗತಿ ಇದೆ: ಬೋರ್ಡಿಂಗ್ ಪಾಸಿನ ಬಗೆಗಳಲ್ಲಿ ವಿಮಾನ, ರೈಲು, ಬಸ್ಸಿನ ಜೊತೆ ದೋಣಿಯೂ ಇದೆ. ಆರಿಸಿದರೆ ಟಿಕೆಟಿನ ನಡುವೆ ಪುಟ್ಟ ದೋಣಿಯ ಚಿತ್ರ ಬರುತ್ತದೆ. ಬೆಂಗಳೂರಿನಿಂದ ಬಂದವರು ಕಾಂಡ್ಲಾವನ (ಮ್ಯಾಂಗ್ರೋವ್ ಕಾಡು) ನೋಡಲು ಹೊರಡುವ ಮೊದಲು ಅದರ ಫೋಟೋ ತೆಗೆಯುತ್ತಾರೆ.

ಗೋಡೆಯ ಮೇಲಿನ ಫೋನು

ಎಚ್ಚರಿಕೆಗೆ ಒಂದು ಸ್ಕ್ರಿಪ್ಟು ದಿನಾ ಬೆಳಿಗ್ಗೆ ಆರಕ್ಕೆ ಓಡುತ್ತದೆ. ಪ್ರಮಾಣಪತ್ರದ ಕಡತವನ್ನಲ್ಲ, ಓಡುತ್ತಿರುವ ಪ್ರೋಗ್ರಾಂ ನೆನಪಿನಲ್ಲಿಟ್ಟಿರುವ ಪ್ರಮಾಣಪತ್ರವನ್ನು ಕೇಳುತ್ತದೆ. ಸೋಮವಾರದ ಏಟು ಮರೆತಿಲ್ಲ. ಪ್ರತಿ ಅಂಗಡಿಗೂ ಒಂದು ಪರೀಕ್ಷೆಯ ಕಾರ್ಡು ಮಾಡಿ, ಸಹಿ ಹಾಕಿ, ಸಹಿಯನ್ನು ಮೂಲದವರೆಗೆ ಪರಿಶೀಲಿಸುತ್ತದೆ. 45 ದಿನ ಉಳಿದಾಗ ಮೊದಲ ಸಂದೇಶ, 30ಕ್ಕೆ ಇನ್ನೊಂದು, 15ರಿಂದ ದಿನಾ. ಸಂದೇಶ ಹೋಗುವುದು ನಮ್ಮಿಬ್ಬರಿಗೂ, ಅಂಗಡಿಯ ಮಾಲೀಕರಿಗೂ, ಎಸ್‌ಎಂಎಸ್ ಮೂಲಕ. ಮಳೆಗಾಲದಲ್ಲಿ ಅಡಿಕೆ ಸೋಗೆ ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ ಇಂಟರ್ನೆಟ್ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಸಾದಾ ಸಂದೇಶ ಹೇಗೋ ಬಂದು ಮುಟ್ಟುತ್ತದೆ.

ಆದರೆ ಸ್ಕ್ರಿಪ್ಟನ್ನು ಬರೆದವನು ನಾನು, "ಕಳಿಸಿದೆ" ಎಂಬ ಸುಳ್ಳು ಸಾಲನ್ನು ಬರೆದವನೂ ನಾನೇ. ಹಾಗಾಗಿ ಇನ್ನೊಂದು ಏರ್ಪಾಡು ಮಾಡಿದೆವು, ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದದ್ದು. ಗಾಜು ಒಡೆದ ಹಳೆಯ ಐಫೋನ್ ಒಂದಿತ್ತು. ಅದರಲ್ಲಿ ಆರೂ ಅಂಗಡಿಗಳ ಒಂದೊಂದು ಕಾರ್ಡು ಹಾಕಿ, ಚಾರ್ಜರ್ ಸಿಕ್ಕಿಸಿ, ಪಂಚಾಂಗದ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತುಹಾಕಿದೆವು. ಆ ಆರು ಕಾರ್ಡುಗಳಲ್ಲಿ ದಿನಾಂಕದ ಒಂದು ಅಂಕಣ ಇದೆ. ದಿನಾ ಬೆಳಿಗ್ಗೆ ಸರ್ವರ್ ಅದನ್ನು ಬದಲಿಸುತ್ತದೆ, ಬಾಗಿಲು ತಟ್ಟುತ್ತದೆ, ಫೋನು ಬಂದು ಹೊಸ ಕಾರ್ಡು ಒಯ್ಯುತ್ತದೆ. ಗಿರಾಕಿಯ ಫೋನಿಗೆ ಹೋಗುವ ದಾರಿಯೇ ಅದು, ಒಂದು ಮೆಟ್ಟಿಲೂ ಕಡಿಮೆಯಿಲ್ಲ. ಕಚೇರಿಗೆ ಬಂದವರು ಚಹಾ ಕುಡಿಯುತ್ತ ಆರು ಕಾರ್ಡು ತಿರುವಿ ನೋಡುತ್ತಾರೆ. ಒಂದರಲ್ಲಿ ನಿನ್ನೆಯ ದಿನಾಂಕ ಇದ್ದರೆ ಏನೋ ಕೆಟ್ಟಿದೆ. ಪಂಚಾಂಗದಲ್ಲಿ ತಿಥಿ ನೋಡುವ ಹಾಗೆ ಅಭ್ಯಾಸವಾಗಿಬಿಟ್ಟಿದೆ. ಆಗಸ್ಟಿನಲ್ಲಿ ಒಂದು ದಿನ ಆರರಲ್ಲಿಯೂ ನಿನ್ನೆ ಎಂದಿತ್ತು. ಓಡಾಡಿ ನೋಡಿದರೆ ಕಚೇರಿಯ ವೈಫೈ ಸತ್ತಿತ್ತು.

ಗೂಗಲ್ ಕಡೆಯದ್ದು

ಗೂಗಲ್ ವಾಲೆಟ್ ಭಾರತಕ್ಕೆ 2024ರ ಮೇ ತಿಂಗಳಲ್ಲಿ ಬಂದ ಮೇಲೆ ಆಂಡ್ರಾಯ್ಡ್‌ನವರಿಗೂ ಕಾರ್ಡು ಕೊಡಲು ಶುರು ಮಾಡಿದೆವು. ಕರಾವಳಿಯಲ್ಲಿ ಕೈಯಲ್ಲಿರುವ ಫೋನು ಹೆಚ್ಚಾಗಿ ಅದೇ. ಅಲ್ಲಿ ವರ್ಷಕ್ಕೊಮ್ಮೆ ಸಾಯುವ ಪ್ರಮಾಣಪತ್ರ ಇಲ್ಲ. ಕಾರ್ಡು ಇರುವುದು ಗೂಗಲ್‌ನ ಸರ್ವರಿನಲ್ಲಿ. ನಾವು ಸರ್ವಿಸ್ ಅಕೌಂಟ್ ಎಂಬ, ಪ್ರೋಗ್ರಾಂ ಬಳಸುವ ಖಾತೆಯ ಕೀಲಿಯಿಂದ ಸಹಿ ಮಾಡಿದ ಜೆಡಬ್ಲ್ಯುಟಿ ಎಂಬ ಚೀಟಿ ಕೊಟ್ಟರೆ ಗಿರಾಕಿ ಉಳಿಸಿಕೊಳ್ಳುತ್ತಾನೆ. ಅಂಗಡಿಗೊಂದು ಕ್ಲಾಸ್ ಎಂಬ ಮಾದರಿ ಮಾಡಿಟ್ಟರೆ ಬ್ರ್ಯಾಂಡುಗಳು ಬೆರೆಯುವುದಿಲ್ಲ. ಸುಖವಾಗಿದೆ. ಆದರೆ ಸಾಯದ ಕೀಲಿಯನ್ನು ಎಲ್ಲರೂ ಮರೆಯುತ್ತಾರೆ, ಸೋರಿದರೂ ಗೊತ್ತಾಗುವುದಿಲ್ಲ. ಅದಕ್ಕೂ ಪುಸ್ತಕದಲ್ಲಿ ಸಾಲು ಕೊಟ್ಟು ಗಣೇಶ ಚೌತಿ ಮುಗಿದ ವಾರ ಬದಲಿಸುವುದೆಂದು ಇಟ್ಟುಕೊಂಡಿದ್ದೇವೆ.

ಮಳೆಗಾಲದ ಲೆಕ್ಕ

ಪ್ರಮಾಣಪತ್ರದ ವರ್ಷ ಶುರುವಾಗುವುದು ಅದು ಹುಟ್ಟಿದ ದಿನದಿಂದ. ಹಳೆಯದು ಬದುಕಿರುವಾಗಲೇ ಹೊಸದನ್ನು ಮಾಡಿಸಬಹುದು, ಎರಡೂ ಒಟ್ಟಿಗೆ ನಡೆಯುತ್ತವೆ. ಇದನ್ನು ಉಪಯೋಗಿಸಿಕೊಂಡು ದಿನಾಂಕಗಳನ್ನು ಎಳೆದು ಹೊಂದಿಸಿದೆವು. ದೋಣಿಯವರದ್ದು ಜುಲೈಗೆ, ಆಗ ದೋಣಿ ದಂಡೆಯ ಮೇಲೆ ಕವುಚಿರುತ್ತದೆ. ಯಕ್ಷಗಾನದ್ದು ಗೆಜ್ಜೆ ಬಿಚ್ಚಿದ ಮೇಲೆ ಜೂನ್‌ಗೆ. ತೊಡದೇವಿನದ್ದು ಆಗಸ್ಟ್‌ಗೆ, ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವಾಗ ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಮೊದಲ ವರ್ಷ ಕೆಲವರ ಐದಾರು ತಿಂಗಳ ಅವಧಿ ವ್ಯರ್ಥವಾಯಿತು, ಹಣವೇನೂ ಹೋಗಲಿಲ್ಲ.

ಬದಲಿಸಿದ ಮೇಲೆ ಹಳೆಯದನ್ನು ಏನು ಮಾಡಬೇಕು? ಏನೂ ಮಾಡಬಾರದು. ಡೆವಲಪರ್ ತಾಣದಲ್ಲಿ ರದ್ದುಗೊಳಿಸುವ ಗುಂಡಿ ಕಣ್ಣಿಗೆ ಬೀಳುತ್ತದೆ, ಮನೆ ಗುಡಿಸಿದವರಿಗೆ ಕಸ ಹೊರಗೆ ಹಾಕುವ ಉಮೇದು ಇರುತ್ತದೆ. ಮುಟ್ಟಬೇಡಿ. ಅವಧಿ ಮುಗಿದ ಪ್ರಮಾಣಪತ್ರದಿಂದ ಸಹಿಯಾದ ಕಾರ್ಡು ಬದುಕಿರುತ್ತದೆ, ರದ್ದಾದದ್ದರಿಂದ ಸಹಿಯಾದ ಕಾರ್ಡು ಕೆಡುತ್ತದೆ. ಕೀಲಿ ಕಳುವಾಗಿದೆ ಎಂಬ ಅನುಮಾನ ಇದ್ದರೆ ಮಾತ್ರ ಆ ಗುಂಡಿ.

ಕೊನೆಯದಾಗಿ ಉಳಿದದ್ದು ಹೊನ್ನಾವರದ್ದು. ಅವರ ಖಾತೆ ಅವರದ್ದೇ, ಒಳಗೆ ಹೋಗಲು ಬೇಕಾದ ಆರು ಅಂಕಿ ಬರುವುದು ಮಾಲೀಕರ ಫೋನಿಗೆ. ಮಳೆ ಬಿಟ್ಟ ಒಂದು ದಿನ ಹತ್ತು ಗಂಟೆಗೆ ಎಂದು ಗೊತ್ತು ಮಾಡಿಕೊಂಡು ನಾನು ಶಿರಸಿಯಲ್ಲಿ ಕೀಲಿ, ಅರ್ಜಿ ಎಲ್ಲ ಸಿದ್ಧ ಮಾಡಿ ಕುಳಿತೆ. ಗುಪ್ತಪದ ಹಾಕಿದೆ, ಅಂಕಿ ಕೇಳಿತು. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ದೋಣಿಯ ತಳಕ್ಕೆ ಎಣ್ಣೆ ಬಳಿಯುವ ಕೆಲಸ ಮುಗಿದಿದೆ, ನೀರಿಗಿಳಿಸಿ ಒಂದು ಸುತ್ತು ನೋಡಿ ಬರುತ್ತಾರೆ ಎಂದರು ಮನೆಯವರು. ಒಂದೂವರೆ ಗಂಟೆಯ ಮೇಲೆ ಅವರೇ ಫೋನ್ ಮಾಡಿ, ಹಿನ್ನೆಲೆಯಲ್ಲಿ ಇಂಜಿನ್ನಿನ ಸದ್ದಿನ ನಡುವೆ, ಆರು ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿದರು. ಅದು ಹಳೆಯದಾಗಿತ್ತು. ಮತ್ತೆ ಕಳಿಸಿದೆ. "ದಂಡೆಗೆ ಬಂದು ಹೇಳುತ್ತೇನೆ, ತಡೆಯಿರಿ" ಎಂದರು. ಖಾತೆಪುಸ್ತಕ ತೆರೆದು, ಅಂಕಿ ಯಾರ ಫೋನಿಗೆ ಎಂಬ ಅಂಕಣದಲ್ಲಿ ಅವರ ಹೆಸರಿನ ಮುಂದೆ ಬರೆದೆ: ಮಧ್ಯಾಹ್ನ ಊಟದ ಹೊತ್ತಿಗೆ ಕೇಳುವುದು.